ಕಾರಿನೊಳಗೊಂದು ಕಾದಂಬರಿ

ಆಕೆ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷಿಸುವವಳು. ಬೆಳಗಿನಿಂದ ಸಂಜೆಯವರೆಗೆ ಗೋಡೆಯ ಮೇಲಿನ ಅಕ್ಷರಗಳನ್ನು ಕಂಡಕಂಡವರಿಂದ ಓದಿಸುವ ತನಗೆ, ಸ್ವಂತದ ನಾಲ್ಕಕ್ಷರ ಬರೆಯಲು ಪುರುಸೊತ್ತಿಲ್ಲವಲ್ಲ ಎಂಬುದು ಆಕೆಯ ಬಹುಕಾಲದ ದೂರು. ಕಾದಂಬರಿ ಶುರುಮಾಡಿ ಮೂರು ವರ್ಷವಾಗಿತ್ತು. ಮನೆ ಬಿಟ್ಟು ಹೊರಡಬೇಕಾದ ನಾಯಕಿ ಮೊದಲ ಅಧ್ಯಾಯದಲ್ಲಿ ಇನ್ನೂ ಚಪ್ಪಲಿ ಹುಡುಕುತ್ತಿದ್ದಳು.

ಮನೆಯಲ್ಲಿ ಬರೆಯಲು ಪ್ರಯತ್ನಿಸಿರಲಿಲ್ಲವೆಂದಲ್ಲ. ಊಟದ ಮೇಜಿನ ಮೇಲೆ ಹಾಳೆ ಹರಡಿದ ಕೂಡಲೇ ಹತ್ತು ವರ್ಷದ ಮಗಳಿಗೆ ಭಾಗಾಕಾರ ಮರೆತುಹೋಗುತ್ತಿತ್ತು. ಶಾಲೆಯಲ್ಲಿ ಚಿತ್ರಕಲೆ ಕಲಿಸುವ ಗಂಡನಿಗೆ ತನ್ನ ನೀಲಿ ಅಂಗಿ ಎಲ್ಲಿದೆ ಎಂಬ ಜಿಜ್ಞಾಸೆ ಹುಟ್ಟುತ್ತಿತ್ತು. (ಅಂಗಿ ಹೆಚ್ಚಾಗಿ ಅವನ ಮೈಮೇಲೇ ಇರುತ್ತಿತ್ತು.) ಕೋಣೆಯ ಬಾಗಿಲು ಹಾಕಿಕೊಂಡರೆ ಅಪ್ಪ ಮಗಳು ಹೊರಗೆ ನಿಂತು, ಅಮ್ಮನಿಗೆ ತೊಂದರೆ ಕೊಡಬಾರದೆಂದು ಒಬ್ಬರಿಗೊಬ್ಬರು ಗಟ್ಟಿಯಾಗಿ ಬುದ್ಧಿ ಹೇಳುತ್ತಿದ್ದರು.

ಒಂದು ಸಂಜೆ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಕಾರು ನಿಲ್ಲಿಸಿ ಎಂಜಿನ್ ಆರಿಸಿದಾಗ ಆಕೆಗೆ ಜ್ಞಾನೋದಯವಾಯಿತು. ಬಾಗಿಲಿದೆ, ದೀಪವಿದೆ, ಒರಗಲು ಸೀಟಿದೆ, ಅಮ್ಮಾ ಎನ್ನುವವರಿಲ್ಲ. ಆರೂವರೆಯಿಂದ ಏಳೂವರೆಯವರೆಗೆ ತಾನು ಕಾರಿನಲ್ಲಿ, ಗಂಡ ಅಡುಗೆಮನೆಯಲ್ಲಿ ಎಂದು ಅಂದೇ ಒಪ್ಪಂದವಾಯಿತು.

"ಅಡುಗೆ ಏನು ಬ್ರಹ್ಮವಿದ್ಯೆನಾ? ನೀನು ಬರಿ, ನಾನು ನೋಡ್ಕೋತೀನಿ" ಎಂದ ಗಂಡ.

ಮೊದಲೆರಡು ದಿನ ಅವನು ಬಡಿಸಿದ್ದು ತಿನ್ನುವುದಕ್ಕಿಂತ ಚಿತ್ರ ಬರೆಯುವುದಕ್ಕೆ ಯೋಗ್ಯವಾದ ಇದ್ದಿಲು. ಮೂರನೆಯ ದಿನದಿಂದ ಮಾತ್ರ ಊಟ ದಿನಕ್ಕೊಂದು ರುಚಿಯಲ್ಲಿ ಅಮೋಘವಾಗತೊಡಗಿತು. ಆಕೆ ಮನಸಾರೆ ಹೊಗಳಿದಳು. ಅವನು ವಿನಯದಿಂದ ತಟ್ಟೆ ನೋಡಿದ.

ಆದದ್ದು ಇಷ್ಟು. ಮೇಲಿನ ಮಹಡಿಯಲ್ಲಿ ನಿವೃತ್ತ ಮುಖ್ಯೋಪಾಧ್ಯಾಯಿನಿಯೊಬ್ಬರಿದ್ದರು. ಎಲ್ಲರಿಗೂ ಅವರು ದೊಡ್ಡ ಮೇಡಂ. ಮೂರನೆಯ ಸಂಜೆ ನೆಲಮಾಳಿಗೆಯಲ್ಲಿ ವಾಯುವಿಹಾರ ಮಾಡುತ್ತಿದ್ದ ಅವರು ಕಾರಿನ ಗಾಜಿನೊಳಗೆ ಇಣುಕಿದರು. ಕಣ್ಣೊರೆಸಿಕೊಳ್ಳುತ್ತಿರುವ ಹೆಂಗಸು, ಮಡಿಲಲ್ಲೊಂದು ಕಾಗದ, ಅದರ ಮೇಲೆ ದಪ್ಪಕ್ಷರದಲ್ಲಿ "ಇನ್ನು ಆ ಮನೆಗೆ ನಾನು ಕಾಲಿಡುವುದಿಲ್ಲ." (ಅಷ್ಟು ದೂರದಿಂದ ಓದಲು ಸಾಧ್ಯವಾಗುವ ಕನ್ನಡಕವನ್ನು ಅವರಿಗೆ ಗೊತ್ತುಮಾಡಿಕೊಟ್ಟವಳೂ ಆಕೆಯೇ.) ತನ್ನ ನಾಯಕಿ ಕೊನೆಗೂ ಚಪ್ಪಲಿ ಮೆಟ್ಟಿದಳೆಂಬ ಸಂತೋಷಕ್ಕೆ ಆಕೆ ಅತ್ತದ್ದು ಮೇಡಮ್ಮಿಗೆ ಹೇಗೆ ಗೊತ್ತಾಗಬೇಕು?

ಆ ಸಂಜೆಯೇ ಗಂಡನ ಕೈಗೆ ಊಟದ ಡಬ್ಬಿಯೊಂದು ಬಂತು, ಜೊತೆಗೆ ಧೈರ್ಯವಾಗಿರಿ ಎಂಬ ಮಾತು. ವಿಷಯ ತಿಳಿಸಲು ಅವನು ಬಾಯಿ ತೆರೆದನಂತೆ. ಅಷ್ಟರಲ್ಲಿ ಡಬ್ಬಿಯ ಪರಿಮಳ ಮೂಗಿಗೆ ಬಡಿದು, ತೆರೆದ ಬಾಯಿ ಬೇರೆ ಉಪಯೋಗಕ್ಕೆ ಬಂತು. ಮರುದಿನದಿಂದ ನೆರೆಯವರು ಪಾಳಿ ಹಾಕಿಕೊಂಡರು. ಅವನು ಮಾಡುತ್ತಿದ್ದದ್ದು ಒಂದೇ ಕೆಲಸ, ಬಾಗಿಲಲ್ಲಿ ನಿಂತು ನಿಟ್ಟುಸಿರು ಬಿಡುವುದು.

ಹನ್ನೆರಡನೆಯ ಸಂಜೆ ಕಾರಿನ ಗಾಜಿಗೆ ಬೆರಳು ಬಡಿಯಿತು. ದೊಡ್ಡ ಮೇಡಂ, ಹಿಂದೆ ಇಬ್ಬರು ನೆರೆಯವರು.

"ಸಾಕು, ಏಳಮ್ಮ. ಗಂಡ ಹೆಂಡತಿ ಅಂದ್ಮೇಲೆ ಒಂದು ಮಾತು ಬರುತ್ತೆ, ಹೋಗುತ್ತೆ. ಆ ಮಗು ಮುಖ ನೋಡು."

ಮಗಳಿಗೇನೋ ಆಗಿದೆಯೆಂದು ಗಾಬರಿಬಿದ್ದು ಆಕೆ ಮೆಟ್ಟಿಲು ಹತ್ತಿ ಓಡಿದಳು. ಮಗಳಿಗೆ ಏನೂ ಆಗಿರಲಿಲ್ಲ. ಅಪ್ಪನ ಜೊತೆ ಕುಳಿತು ಯಾರದೋ ಡಬ್ಬಿಯ ತಳ ಕೆರೆಯುತ್ತಿದ್ದಳು. ಏದುಸಿರು ಬಿಡುತ್ತ ಬಂದ ದೊಡ್ಡ ಮೇಡಂ, ಹೆಂಡತಿಯನ್ನು ಕರೆತಂದಿದ್ದೇನೆ, ಇನ್ನಾದರೂ ಅವಳ ಮನಸ್ಸು ನೋಯಿಸಬೇಡಿ ಎಂದು ಗಂಡನಿಗೆ ಹೇಳಿದರು. ಅವನಿಗೆ ತುತ್ತು ನೆತ್ತಿಗೇರಿತು. ಸತ್ಯ ಹೊರಬಿದ್ದದ್ದು ಮಗಳ ಬಾಯಿಂದ.

"ಅಮ್ಮ ಮನೆ ಬಿಟ್ಟು ಹೋಗಿಲ್ಲ ಅಜ್ಜಿ, ಕಾದಂಬರಿ ಬರೀತಿದ್ದಾಳೆ. ಯಾರಿಗೂ ಹೇಳ್ಬೇಡ ಅಂತ ಅಪ್ಪ ಅಂದಿದ್ರು."



"ಹತ್ತು ದಿನದಿಂದ ನಾನು ಹೊಗಳಿದ್ದು ಯಾರ ಕೈರುಚಿನ, ರೀ?" ಎಂದಳು ಆಕೆ.

ಗಂಡ ದೊಡ್ಡ ಮೇಡಮ್ಮಿನತ್ತ ಭಕ್ತಿಯಿಂದ ನೋಡಿದ. ಅವರ ನೋಟ ಬೇರೆಡೆ ಇತ್ತು. ಅವರು ಆಕೆಯ ಮುಂದೆ ಕೈ ಚಾಚಿದರು.

"ಎಲ್ಲಿ, ಕೊಡು ಆ ಕಾದಂಬರಿ. ಯಾವ ಘನಕಾರ್ಯಕ್ಕೆ ನಾನು ಒಲೆ ಮುಂದೆ ಬೆಂದೆ ಅಂತ ನನಗೂ ಗೊತ್ತಾಗಲಿ."

ಮರುದಿನ ಹಾಳೆಗಳು ಕೆಂಪು ಶಾಯಿಯಲ್ಲಿ ಮಿಂದು ಬಂದವು. ಕಾಗುಣಿತದ ತಪ್ಪುಗಳಿಗೆಲ್ಲ ಸುತ್ತು, ಅಂಚಿನಲ್ಲಿ "ಕಣ್ಣೀರು ಹೆಚ್ಚಾಯಿತು", ಕೊನೆಯಲ್ಲಿ "ಮುಂದೇನು? ನಾಳೆಗೆ ಎರಡು ಪುಟ." ತನಗೊಬ್ಬರು ಓದುಗರು ಸಿಕ್ಕರೆಂದು ಆಕೆ ಹಿಗ್ಗಿಹೋದಳು.

ಹಿಗ್ಗು ಒಂದು ವಾರ ಬಾಳಿತು. ಆಮೇಲೆ ಏಳೂವರೆ ಹೊಡೆಯುತ್ತಲೇ ಕಾರಿನ ಪಕ್ಕ ಬಂದು ನಿಲ್ಲುವ ಮೇಡಮ್ಮಿನ ಚಾಚಿದ ಕೈಯನ್ನು ಕಂಡರೆ ಆಕೆಯ ಎದೆ ಹೊಡೆದುಕೊಳ್ಳತೊಡಗಿತು. ಅಂಗಡಿಯಲ್ಲಿ ಮೂವತ್ತು ಜೋಡಿ ಕಣ್ಣು ನೋಡಿ ಬಂದ ದಿನವೂ ಎರಡು ಪುಟ, ನೆಗಡಿಯಾದ ದಿನವೂ ಎರಡು ಪುಟ. ಒಮ್ಮೆ ಕಾರನ್ನು ಹಿಂದಿನ ಬೀದಿಯಲ್ಲಿ ನಿಲ್ಲಿಸಿ ಕಳ್ಳಹೆಜ್ಜೆಯಲ್ಲಿ ಮನೆಗೆ ಬಂದರೆ, ದೊಡ್ಡ ಮೇಡಂ ಅಡುಗೆಮನೆಯಲ್ಲೇ ಇದ್ದರು. ಮೋಸ ಮಾಡಿದ ತಪ್ಪಿಗೆ ಅವರು ಗಂಡನನ್ನೂ ಶಿಷ್ಯನನ್ನಾಗಿ ಮಾಡಿಕೊಂಡು ಅವನ ಕೈಯಿಂದ ಈರುಳ್ಳಿ ಹೆಚ್ಚಿಸುತ್ತಿದ್ದರು.

ಕೊನೆಗೊಂದು ದಿನ ತಲೆ ಸಿಡಿಯುತ್ತಿದ್ದಾಗ, ಇವತ್ತೊಂದು ದಿನ ಆಗುವುದಿಲ್ಲವೆಂದು ನೀವೇ ಹೋಗಿ ಹೇಳಿ ಎಂದು ಆಕೆ ಗಂಡನನ್ನು ಬೇಡಿಕೊಂಡಳು. ಅವನು ಹಿಂದೆ ಸರಿದ. "ನನ್ನಿಂದಾಗಲ್ಲ ಮಾರಾಯ್ತಿ. ನಾಳೆ ನನಗೇ ಅಡುಗೆ ಪರೀಕ್ಷೆ ಇದೆ."

ಬೇರೆ ದಾರಿ ಕಾಣದೆ ಆಕೆ ಮಗಳ ಕೈಯಲ್ಲಿ ಚೀಟಿ ಕಳಿಸಿದಳು: "ಪೂಜ್ಯ ಮೇಡಂ ಅವರಿಗೆ, ತಲೆನೋವಿನ ನಿಮಿತ್ತ ಈ ದಿನ ಕಾದಂಬರಿ ಬರೆಯಲು ಅಶಕ್ತಳಾಗಿರುವುದರಿಂದ ಒಂದು ದಿನದ ರಜೆ ದಯಪಾಲಿಸಬೇಕಾಗಿ ಪ್ರಾರ್ಥನೆ."

ಐದು ನಿಮಿಷದಲ್ಲಿ ಚೀಟಿ ವಾಪಸು ಬಂತು. ಎರಡು ಕಡೆ ಕೆಂಪು ಸುತ್ತು. ಕೆಳಗೆ ದುಂಡನೆಯ ಅಕ್ಷರದಲ್ಲಿ ಹೀಗೆ ಬರೆದಿತ್ತು:

"ಮಂಜೂರಾಗಿಲ್ಲ. ಶೈಲಿ ಚೆನ್ನಾಗಿದೆ. ಈ ಕಾಲು ಪುಟ ಬರೆಯುವಾಗ ನೋಯದ ತಲೆ ಉಳಿದ ಒಂದೂಮುಕ್ಕಾಲು ಪುಟಕ್ಕೆ ನೋಯಲಾರದು."