ಕಾಕುವಿನ ನಡುಗಡ್ಡೆ ಚಾದರ

ನಮ್ಮ ಕಾಕು, ಅಂದರೆ ಚಿಕ್ಕಮ್ಮ, ಜೀವಮಾನದಲ್ಲಿ ಒಂದೂ ತಪ್ಪು ಮಾಡಿಲ್ಲ. ಸಂಶಯವಿದ್ದರೆ ಅವರನ್ನೇ ಕೇಳಿ ನೋಡಿ! ಹಿರೇಕೆರೂರಿನ ಮದುವೆಗೆಂದು ಹೊರಟವರು ಶಿಗ್ಗಾಂವಿ ಬಸ್ಸು ಹತ್ತಿದರು. ಇಳಿದ ಮೇಲೆ ನಾಚಿಕೊಂಡರೇ? "ಶಿಗ್ಗಾಂವಿ ಸಂತಿ ಮಾಡೂದಿತ್ತು" ಎಂದು ಬದನೆಕಾಯಿ ಹೊತ್ತು ತಂದರು. ಮದುವೆಯೂಟ ತಪ್ಪಿದ್ದು? ಅವಸರದಲ್ಲಿ ಊಟ ಮುಗಿಸಿದ ಮದುವೆಯವರ ತಪ್ಪಂತೆ.

ಇಂಥವರು ಹಾನಗಲ್ಲಿಗೆ ಹೋಗಿ ಚಾದರಕ್ಕೆ ಮರದ ಅಚ್ಚು ಒತ್ತುವುದನ್ನು ಕಲಿತರು. ಉಳಿದ ಹೆಂಗಸರು ಗುಲಾಬಿ ಕೆತ್ತಿದರೆ ಕಾಕು ಕೆತ್ತಿದ್ದು ನಮ್ಮೂರ ಕೆರೆಯ ನಡುಗಡ್ಡೆ: ಒಂದು ಬೇವಿನ ಮರ, ಒಂದು ಮುರುಕು ವೀರಗಲ್ಲು, ನಾಲ್ಕು ಬೆಳ್ಳಕ್ಕಿ. ಅಚ್ಚನ್ನು ಎಡಬಲ ಅದಲುಬದಲು ಮಾಡಿ ಕೆತ್ತಿದರೆ ತಾನೇ ಬಟ್ಟೆಯ ಮೇಲೆ ನೆಟ್ಟಗೆ ಮೂಡುವುದು? ಕಾಕು ಕಂಡದ್ದನ್ನು ಕಂಡಹಾಗೇ ಕೆತ್ತಿದ್ದರು. ಎಡಕ್ಕಿದ್ದ ಬೇವು ಚಾದರದಲ್ಲಿ ಬಲಕ್ಕೆ ಹೋಗಿ ನಿಂತಿತು.

"ಕಾಕು, ಗಡ್ಡಿ ಉಲ್ಟಾ ಆಗೇತಿ."

"ಗಡ್ಡಿ ನೆಟ್ಟಗೈತಿ. ನೀ ಉಲ್ಟಾ ನಿಂತಿ."

ಆಗ ಸವಣೂರಿನ ಅರಿವೆ ಅಂಗಡಿಯ ಸಾಹೇಬರು ಬಂದರು. ಕಾಕುವಿಗೆ ಸಿಕ್ಕ ಮೊದಲ ಗಿರಾಕಿ. "ಬಣ್ಣ ಚೊಲೋ ಐತ್ರಿ ಅಕ್ಕಾರ. ಆದ್ರ ಗಡ್ಡಿ ನೋಡಿ ಮಂದಿ ನಗ್ತಾರ್ರಿ. ಮರಾ ಅದರ ಜಾಗಾಕ್ಕ ತಂದ್ರ ಎಲ್ಲಾ ನಾನ ಒಯ್ತೇನಿ" ಎಂದರು.

ಮರುದಿನವೇ ಕಾಕು ಹೊಸ ಅಚ್ಚು ಕೆತ್ತಲು ಕೂತರು. ತಪ್ಪೊಪ್ಪಿಕೊಂಡರೇ? ಛೇ, ಎಲ್ಲಿಯ ಮಾತು! "ಹಳೇದು ಸವದೈತಿ" ಎಂದು ಅದನ್ನು ಒಲೆಯ ಕಟ್ಟಿಗೆಗೆ ಎಸೆದರು. ಉಲ್ಟಾ ಚಾದರವೊಂದನ್ನು ನನ್ನ ಕೈಗೆ ತುರುಕಿ, "ನಮ್ಮವ್ವಗ ಕೊಟ್ಟು ಬಾ. ಆಕಿಗೆ ಕಣ್ಣು ಮಂಜು, ಗೊತ್ತಾಗಾಂಗಿಲ್ಲ" ಎಂದರು.

ಕಾಕುವಿನ ತವರು ಕೆರೆಯ ಆಚೆ ದಂಡೆಯಲ್ಲಿದೆ. ಅಜ್ಜಿ ಚಾದರವನ್ನು ಬಾಗಿಲ ಬೆಳಕಿಗೆ ಹಿಡಿದು, ಮೂಗಿನ ತನಕ ತಂದು ನೋಡಿದರು. ಬಹಳ ಹೊತ್ತು ನೋಡಿದರು.

"ಬೇವು ಬಲಕ್ಕೈತಿ. ನಮ್ಮ ಹಿತ್ತಲದಾಗ ನಿಂತು ನೋಡಿದಂಗ ಕೆತ್ಯಾಳ. ಇಷ್ಟು ವರ್ಷ ಆ ದಂಡ್ಯಾಗ ಬಾಳೇವು ಮಾಡಿದ್ರೂ ಈ ದಂಡಿ ಮರ್ತಿಲ್ಲ ನೋಡಪಾ ನನ್ನ ಮಗಳು."

ನಾನು ಹಿತ್ತಲಿಗೆ ಹೋಗಿ ನೋಡಿದೆ. ಹೌದು, ಅಲ್ಲಿಂದ ಬೇವು ಬಲಕ್ಕೇ ಇತ್ತು.

ಮನೆಗೆ ಬಂದು ಅಜ್ಜಿಯ ಮಾತು ಹೇಳಿದೆ. "ನಾ ಮೊದಲ ಹೇಳಿದ್ದಿಲ್ಲೇನು?" ಎಂಬ ಉತ್ತರಕ್ಕಾಗಿ ಕಿವಿ ಗಟ್ಟಿ ಮಾಡಿಕೊಂಡು ನಿಂತೆ. ಕಾಕು ಕಟ್ಟಿಗೆಯೊಳಗೆ ಕೈಹಾಕಿ ಹಳೆಯ ಅಚ್ಚನ್ನು ಹುಡುಕಿ ತೆಗೆದರು, ಸೆರಗಿನಿಂದ ಅದರ ಬೂದಿ ಒರೆಸಿದರು.

"ಖರೇ ಅಂದ್ರ ನಾ ತಪ್ಪಿ ಕೆತ್ತಿದ್ದೆ" ಎಂದರು. "ಅವ್ವಗ ಹೇಳಬ್ಯಾಡ."