ವಾಯು ಗುಣ: ಎಲ್ಲರೂ ತಿಳಿದಿರಬೇಕಾದದ್ದು

ಎಲ್ಲ ಅವಾಂತರಕ್ಕೂ ಕಾರಣ ಬಟ್ಟೆಯ ನಡುವಿನ ಒಂದು ಹೊಲಿಗೆ. ಬೋರ್ಡ್ ಬರೆಯುವವನು ಎರಡು ಹಳೆಯ ಪರದೆಗಳನ್ನು ಜೋಡಿಸಿ ಬ್ಯಾನರ್ ಮಾಡಿದ್ದ. ಹೊಲಿಗೆಯ ಮೇಲೆ ಬರೆದರೆ ಬಣ್ಣ ಹರಡುತ್ತದೆ ಎಂದು ಅಷ್ಟು ಜಾಗ ಹಾರಿಸಿ, ಈ ಕಡೆ ‘ವಾಯು’ ಎಂದೂ ಆ ಕಡೆ ‘ಗುಣ’ ಎಂದೂ ದಪ್ಪಕ್ಷರದಲ್ಲಿ ಬರೆದ. ಕೆಳಗೆ ‘ಎಲ್ಲರೂ ತಿಳಿದಿರಬೇಕಾದದ್ದು. ಭಾನುವಾರ ಸಂಜೆ, ಲೈಬ್ರರಿಯ ಮಹಡಿ. ಪ್ರವೇಶ ಉಚಿತ’ ಎಂದು ಸೇರಿಸಿ, ಲೈಬ್ರರಿಯ ಬಾಗಿಲ ಮೇಲೆ ಕಟ್ಟಿ ಮನೆಗೆ ಹೋದ.

ಭಾಷಣ ಮಾಡಬೇಕಾಗಿದ್ದವರು ಮೋಡಪ್ಪನವರು. ಅದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಬೀದಿಯವರು ಇಟ್ಟದ್ದು. ಹವಾಮಾನ ಕಚೇರಿಯಲ್ಲಿ ಕೆಲಸ. ದಿನಾ ಬೆಳಿಗ್ಗೆ ಮಳೆ ಅಳೆಯುವ ಡಬ್ಬಿಯೊಳಗೆ ಬಗ್ಗಿ ನೋಡುವುದು, ಥರ್ಮಾಮೀಟರ್ ಓದುವುದು, ತಲೆಯೆತ್ತಿ ಮೋಡ ನೋಡಿ ಬರೆದುಕೊಳ್ಳುವುದು. ಮದುವೆ ಆಗಿರಲಿಲ್ಲ. ಮೂರನೆಯ ಮಹಡಿಯಲ್ಲಿ ಒಂದೇ ಕೋಣೆ. ಬೀದಿಯವರು ಅವರ ಜೊತೆ ಆಡುತ್ತಿದ್ದದ್ದು ಒಂದೇ ಮಾತು: “ಸರ್, ಬಟ್ಟೆ ಹರವಬಹುದಾ?” ಹೂಂ ಎಂದರೆ ಅಲ್ಲಿಗೆ ಮಾತು ಮುಗಿಯಿತು. ಅಕಸ್ಮಾತ್ ಮಳೆ ಬಂದು ಬಟ್ಟೆ ನೆನೆದರೆ ವಾರಗಟ್ಟಲೆ ಆ ಮಾತೂ ಇಲ್ಲ.

ಮೋಡಪ್ಪನವರಿಗೆ ಮನುಷ್ಯರೆಂದರೆ ಬಹಳ ಆಸೆ. ಸಂಜೆಯಾದರೆ ಅವರಿಗೆ ಸಂಕಟ ಶುರುವಾಗುತ್ತಿತ್ತು. ಕಿಟಕಿಯ ಬಳಿ ನಿಂತು ಎದುರುಮನೆಗಳ ದೀಪ ಒಂದೊಂದಾಗಿ ಹೊತ್ತುವುದನ್ನು ನೋಡುತ್ತಾ, ಯಾರಾದರೂ ತಪ್ಪಿಯಾದರೂ ತನ್ನ ಬಾಗಿಲು ತಟ್ಟಬಾರದೇ ಅಂದುಕೊಳ್ಳುತ್ತಿದ್ದರು. ಯಾರೂ ತಪ್ಪುತ್ತಿರಲಿಲ್ಲ.

“ಜನರ ಜೊತೆ ಬೆರಿಯೋ. ನಿನಗೆ ಗೊತ್ತಿರೋದನ್ನ ನಾಲ್ಕು ಜನಕ್ಕೆ ಹೇಳು,” ಎಂದು ದೂರದೂರಿನ ಅಕ್ಕ ಫೋನಿನಲ್ಲಿ ಬುದ್ಧಿ ಹೇಳಿದ್ದಳು.

“ಯಾರು ಕೇಳ್ತಾರಕ್ಕ?”

“ಈಗ ನಾನು ಕೇಳ್ತಿಲ್ವಾ?”

“ನೀನು ಟಿವಿ ನೋಡ್ಕೊಂಡು ಕೇಳ್ತೀಯ.”

ಅಕ್ಕ ಟಿವಿಯ ಸದ್ದು ಕಡಿಮೆ ಮಾಡಿದಳು. ಅವಳ ಮಾತು ಮೋಡಪ್ಪನವರ ಮನಸ್ಸಿಗೆ ನಾಟಿತು. ಮರುದಿನವೇ ಲೈಬ್ರರಿಗೆ ಹೋಗಿ, ಭಾಷಣಕ್ಕೆ ಮಹಡಿ ಕೊಡುತ್ತೀರಾ ಎಂದು ಕೇಳಿದರು. ಲೈಬ್ರರಿ ಮೇಡಂ ಕನ್ನಡಕದ ಮೇಲಿಂದ ನೋಡಿ ಕರಾರು ಹಾಕಿದರು: “ಕುರ್ಚಿಗಳು ತುಂಬಿದ್ರೆ ವರ್ಷ ಪೂರ್ತಿ ಪ್ರತಿ ಭಾನುವಾರ ಮಹಡಿ ನಿಮ್ಮದು. ತುಂಬದಿದ್ರೆ ಟೇಬಲ್ ಟೆನ್ನಿಸ್ ಆಡೋರಿಗೆ ಕೊಟ್ಬಿಡ್ತೀನಿ. ಅವರು ಎಷ್ಟೋ ದಿನದಿಂದ ಪ್ರಾಣ ತಿಂತಿದಾರೆ.”

ವರ್ಷದ ಎಲ್ಲ ಭಾನುವಾರ, ಒಂದು ಕೋಣೆ ತುಂಬ ಜನ. ಮೋಡಪ್ಪನವರಿಗೆ ಅಂದಿನಿಂದ ನಿದ್ದೆ ಇಲ್ಲ. ಗಾಳಿಯ ಬಗ್ಗೆ, ವಾಯುಗುಣದ ಬಗ್ಗೆ ಪ್ರತಿಯೊಬ್ಬನಿಗೂ ಗೊತ್ತಿರಲೇಬೇಕಾದದ್ದು ಏನು? ಮೊದಲು ಎಲ್ಲವೂ ಗೊತ್ತಿರಬೇಕು ಅನ್ನಿಸಿತು. ಆಮೇಲೆ ಕನ್ನಡಿಯ ಮುಂದೆ ಹೇಳಿ ನೋಡಿದರೆ ಸ್ವತಃ ಅವರಿಗೇ ಆಕಳಿಕೆ ಬಂತು. ಬಿಡುತ್ತಾ ಬಿಡುತ್ತಾ ಕೊನೆಗೆ ಕೆಲವೇ ಮಾತು ಉಳಿದವು. ಈ ಭೂಮಿಯ ಸುತ್ತ ಇರುವ ಗಾಳಿ ಬಹಳ ತೆಳು. ನಾವು ಸುಡುವುದೆಲ್ಲ ಅದರೊಳಗೇ ಉಳಿಯುತ್ತದೆ. ಹವಾಮಾನ ಅಂದರೆ ಈ ದಿನದ ಸಿಟ್ಟು, ವಾಯುಗುಣ ಅಂದರೆ ಬಹುಕಾಲದ ಸ್ವಭಾವ.

ಭಾನುವಾರ ಮಧ್ಯಾಹ್ನವೇ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಟರು. ಬ್ಯಾನರನ್ನು ನೋಡಿ ಸಂತೋಷಪಟ್ಟರು. ಅವರ ಕಣ್ಣಿಗೆ ಅಲ್ಲಿ ಯಾವ ತಪ್ಪೂ ಕಾಣಲಿಲ್ಲ. ತಾನೇ ಬರೆಸಿದ್ದನ್ನು ಯಾರು ತಾನೇ ಬಿಡಿಸಿ ಓದುತ್ತಾರೆ?

ಸಂಜೆಯಾಗುವ ಹೊತ್ತಿಗೆ ಮೆಟ್ಟಿಲ ಮೇಲೆ ದಡದಡ ಸದ್ದು. ಜನ ಬಂದರು. ಬರುತ್ತಲೇ ಇದ್ದರು. ಮೋಡಪ್ಪನವರ ಕೋಣೆಯ ಕೆಳಗಿನ ಮನೆಯಾಕೆ ತನ್ನ ಗಂಡನನ್ನು ತೋಳು ಹಿಡಿದು ಎಳೆದುಕೊಂಡೇ ಬಂದಳು. ಬೀದಿ ಕೊನೆಯ ದರ್ಜಿ ಬಂದ. ರಿಟೈರಾದ ಬಸ್ ಕಂಡಕ್ಟರ್ ಹೊಟ್ಟೆ ನೀವಿಕೊಳ್ಳುತ್ತಾ ಬಂದು ಮುಂದಿನ ಸಾಲಿನಲ್ಲೇ ಕೂತರು. ಕುರ್ಚಿ ಸಾಲದೆ ಕೆಲವರು ಗೋಡೆಗೆ ಒರಗಿ ನಿಂತರು. ಇಷ್ಟು ಜನಕ್ಕೆ ವಾಯುಗುಣದ ಚಿಂತೆ ಇದೆಯೆಂದು ತಿಳಿಯದೆ ಇಷ್ಟು ಕಾಲ ಒಬ್ಬನೇ ಕೊರಗಿದೆನಲ್ಲ ಎಂದುಕೊಂಡರು ಮೋಡಪ್ಪನವರು.

“ಮೊದಲು ನಾವು ತಿಳ್ಕೋಬೇಕಾದ್ದು ಇಷ್ಟೇ,” ಎಂದು ಶುರುಮಾಡಿದರು. “ವಾಯು ಕಣ್ಣಿಗೆ ಕಾಣಲ್ಲ. ಆದ್ರೆ ನಮ್ಮ ಸುತ್ತ, ಮನೆಯ ಮೂಲೆಮೂಲೆಯಲ್ಲೂ ಇದೆ.”

“ಅದನ್ನ ನೀವು ಹೇಳ್ಬೇಕಾ ಸರ್?” ಎಂದು ಕೆಳಗಿನ ಮನೆಯಾಕೆ ಗಂಡನ ಕಡೆ ತಿರುಗಿ ನೋಡಿದಳು. ಆತ ಚಪ್ಪಲಿ ನೋಡತೊಡಗಿದ.

“ಬಿಸಿಯಾದ ವಾಯು ಹಗುರ ಆಗಿ ಮೇಲಕ್ಕೆ ಏರುತ್ತೆ.”

“ನಂದು ಏರೋದೇ ಇಲ್ಲ ಸರ್,” ಎಂದರು ಕಂಡಕ್ಟರ್. “ಅಲ್ಲಲ್ಲೇ ನಿಂತುಬಿಡುತ್ತೆ. ರಾತ್ರಿ ಎಲ್ಲ ಒದ್ದಾಟ.”

ಮನೆಯ ವಿಷಯ ಎಂದುಕೊಂಡ ಮೋಡಪ್ಪನವರು ಉತ್ಸಾಹದಿಂದ ಮುಂದೆ ಬಗ್ಗಿದರು. “ಹೋಗೋಕೆ ದಾರಿ ಇರಲ್ಲ, ಅದಕ್ಕೇ. ಮೇಲ್ಗಡೆ ಒಂದು ತೂತು ಹೊಡೆಸಿಬಿಡಿ.”

ಕಂಡಕ್ಟರರ ಮುಖ ಬಿಳಿಚಿಕೊಂಡಿತು. “ತೂತಾ? ಈ ವಯಸ್ಸಲ್ಲಾ?”

“ಹಳೇದಾದ್ರೇನು, ಗಟ್ಟಿ ಇದ್ರೆ ಸಾಕು. ಗಾರೆ ಕೆಲಸದವನು ಅರ್ಧ ದಿನದಲ್ಲಿ ಮುಗಿಸ್ತಾನೆ.”

ದರ್ಜಿ ಮೆಲ್ಲಗೆ ಎದ್ದು ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟ. ಕೆಳಗಿನ ಮನೆಯಾಕೆ ಮಾತ್ರ ಹೆದರುವ ಹೆಂಗಸಲ್ಲ. “ಏನ್ ಸರ್ ಇದು? ವಾಯು ಗುಣ ಆಗುತ್ತೆ ಅಂತ ಬಾಗಿಲ ಮೇಲೆ ದೊಡ್ಡದಾಗಿ ಹಾಕಿಸಿದೀರಿ. ಇಲ್ಲಿ ನೋಡಿದ್ರೆ ಗಾರೆಯವನ ಕೈಲಿ ಹೊಟ್ಟೆ ಕೊಯ್ಸಿ ಅಂತೀರಿ. ಇವರನ್ನ ಇಲ್ಲೀವರೆಗೆ ಕರ್ಕೊಂಡು ಬರೋಕೆ ನಾನು ಪಟ್ಟ ಪಾಡು ನಿಮಗೇನು ಗೊತ್ತು?”

ಆಗ ಮೋಡಪ್ಪನವರಿಗೆ ಎಲ್ಲವೂ ಹೊಳೆಯಿತು. ಇವರು ಬಂದದ್ದು ಭೂಮಿಯ ವಾಯುವಿಗಲ್ಲ, ತಂತಮ್ಮ ಹೊಟ್ಟೆಯ ವಾಯುವಿಗೆ. ಸ್ವಭಾವ ತಿಳಿಯುವುದಕ್ಕಲ್ಲ, ಗುಣ ಮಾಡಿಸಿಕೊಳ್ಳುವುದಕ್ಕೆ.

‘ಕ್ಷಮಿಸಿ, ತಪ್ಪಾಗಿದೆ’ ಎನ್ನಲು ಬಾಯಿ ತೆರೆದರು. ಎದುರಿಗೆ ತುಂಬಿದ ಕುರ್ಚಿಗಳು. ಎಲ್ಲರ ಕಣ್ಣೂ ತಮ್ಮ ಮೇಲೆ. ಹಿಂದಿನ ಗೋಡೆಯ ಬಳಿ ಲೈಬ್ರರಿ ಮೇಡಂ ತಲೆ ಎಣಿಸುತ್ತಾ ನಿಂತಿದ್ದರು. ನಿಜ ಹೇಳಿದರೆ ಇನ್ನು ಸ್ವಲ್ಪ ಹೊತ್ತಿಗೆ ಕೋಣೆ ಖಾಲಿ, ಆಮೇಲೆ ಮೂರನೆಯ ಮಹಡಿ, ಆಮೇಲೆ ಕಿಟಕಿ. ಅವರಿಗೆ ಮನೆಗೆ ಹೋಗಲು ಮನಸ್ಸಾಗಲಿಲ್ಲ. ಹೆದರಿಕೆಯೇ ಆಯಿತು.

“ಗಾರೆಯವನ ಮಾತು ತಮಾಷೆಗೆ ಅಂದೆ,” ಎಂದರು. ಒಬ್ಬರು ನಕ್ಕರು, ಆಮೇಲೆ ಎಲ್ಲರೂ ನಕ್ಕರು. ದರ್ಜಿ ಬಂದು ಕೂತ.

“ಔಷಧಿ ಏನು ಸರ್?”

ಮೋಡಪ್ಪನವರಿಗೆ ಗೊತ್ತಿದ್ದದ್ದು ಒಂದೇ ವಿದ್ಯೆ. ಅದನ್ನೇ ಔಷಧಿ ಮಾಡಿದರು. “ದಿನಾ ಸಂಜೆ ಹೊರಗೆ ಬಂದು ನಡೀಬೇಕು. ಸುಮ್ನೆ ನಡೆದ್ರೆ ಆಗಲ್ಲ, ತಲೆ ಎತ್ತಿ ಆಕಾಶ ನೋಡ್ಕೊಂಡು ನಡೀಬೇಕು. ಮೋಡ ಯಾವ ಕಡೆಯಿಂದ ಬಂತು, ಯಾವ ಕಡೆ ಹೋಯ್ತು, ನೆನ್ನೆಗಿಂತ ಸೆಕೆ ಜಾಸ್ತಿಯಾ, ಹೋದ ವರ್ಷ ಹೇಗಿತ್ತು, ಇದನ್ನೆಲ್ಲ ಒಬ್ಬರಿಗೊಬ್ಬರು ಮಾತಾಡ್ಕೋಬೇಕು.”

“ಮೋಡ ನೋಡಿದ್ರೆ ಹೊಟ್ಟೆಗೇನು?”

“ಕತ್ತು ಎತ್ತಿದಾಗ ಹೊಟ್ಟೆ ಸಡಿಲ ಆಗುತ್ತೆ.” ಇಷ್ಟು ಸಲೀಸಾಗಿ ಸುಳ್ಳು ಬಂದದ್ದಕ್ಕೆ ಅವರಿಗೇ ಆಶ್ಚರ್ಯವಾಯಿತು. “ಆದ್ರೆ ಒಂದು ದಿನ ನೋಡಿ ಬಿಟ್ರೆ ಅದು ಬರೀ ಹವಾಮಾನ. ಮೂವತ್ತು ವರ್ಷ ನೋಡಿದ್ರೆ ವಾಯುಗುಣ.”

“ಮೂವತ್ತು ವರ್ಷದ ಔಷಧೀನಾ? ನಾನು ಅಷ್ಟು ದಿನ ಇರಲ್ಲ ಸರ್,” ಎಂದರು ಕಂಡಕ್ಟರ್.

“ಈಗ ಶುರು ಮಾಡಿ. ಬೆಳಕು ಇರೋವಾಗ್ಲೇ ನಡೀಬೇಕು, ಕತ್ತಲಾದ್ರೆ ಮೋಡ ಕಾಣಲ್ಲ. ಒಂದು ದಿನಾನೂ ತಪ್ಪಿಸಬಾರದು.”

“ಭಾನುವಾರಾನೂ?”

“ಭಾನುವಾರಾನೂ. ಆಕಾಶಕ್ಕೆ ರಜೆ ಇಲ್ಲ.”

ಜನ ಚಪ್ಪಾಳೆ ತಟ್ಟಿದರು. ಕೆಳಗಿನ ಮನೆಯಾಕೆ, “ಇಷ್ಟು ದಿನ ಮೇಲೇ ಇದ್ರಿ, ನಮಗೆ ಗೊತ್ತೇ ಆಗ್ಲಿಲ್ಲ ನೋಡಿ,” ಎಂದಳು. ಆ ಮಾತಿಗೆ ಮೋಡಪ್ಪನವರ ಕಣ್ಣು ತುಂಬಿತು. ಲೈಬ್ರರಿ ಮೇಡಂ ಕೀಲಿಕೈ ಅವರ ಕೈಗಿಟ್ಟು, “ವರ್ಷ ಪೂರ್ತಿ ನಿಮ್ಮದೇ. ಆದ್ರೆ ಜನ ಬರಲಿ, ಬಿಡಲಿ, ಭಾನುವಾರ ಸಂಜೆ ನೀವು ಬಾಗಿಲು ತೆಗೆದಿಟ್ಕೊಂಡು ಇರಲೇಬೇಕು. ಮೇಲಧಿಕಾರಿಗಳಿಗೆ ಮಾತು ಕೊಟ್ಟಿದೀನಿ,” ಎಂದರು. ಜನ ಬರದೇ ಇರುತ್ತಾರೆಯೇ ಎಂದು ಮೋಡಪ್ಪನವರು ನಕ್ಕರು.

ಆ ವಾರ ಸಂತೋಷಕ್ಕೆ ಅವರ ಕಾಲು ನೆಲದ ಮೇಲೆ ನಿಲ್ಲಲೇ ಇಲ್ಲ. ಕಚೇರಿಗೆ ಹೋಗುವಾಗ ದರ್ಜಿ ಅಂಗಡಿಯಿಂದಲೇ ಕೂಗಿ, “ಸಡಿಲ ಆಗಿದೆ ಸರ್,” ಎನ್ನುತ್ತಿದ್ದ. ಕಂಡಕ್ಟರ್ ಕೈ ಮುಗಿದು, ರಾತ್ರಿ ನಿದ್ದೆ ಬಂತು ಎಂದರು. ಮುಂದಿನ ಭಾನುವಾರ ಮೆಲ್ಲಗೆ ನಿಜ ಹೇಳಿಬಿಡುತ್ತೇನೆ, ಇಷ್ಟು ಸ್ನೇಹವಾದ ಮೇಲೆ ಬಿಟ್ಟು ಹೋಗುತ್ತಾರೆಯೇ ಎಂದುಕೊಂಡು ಮೋಡಪ್ಪನವರು ದಿನಾ ಸಂಜೆ ಕೋಣೆಯಲ್ಲೇ ಕೂತು ಭೂಮಿಯ ಗಾಳಿಯ ಚಿತ್ರವೊಂದನ್ನು ಬಣ್ಣ ಹಚ್ಚಿ ತಯಾರು ಮಾಡಿದರು.

ಭಾನುವಾರ ಬಂತು. ಕುರ್ಚಿ ಒರೆಸಿ ಸಾಲಾಗಿ ಇಟ್ಟರು. ಚಿತ್ರ ತೂಗುಹಾಕಿದರು. ಮೆಟ್ಟಿಲ ಮೇಲೆ ಸದ್ದಿಲ್ಲ. ಬೆಳಕು ಹಳದಿಯಾಗತೊಡಗಿದಾಗ ಎದ್ದು ಕಿಟಕಿಗೆ ಹೋದರು.

ಬೀದಿ ತುಂಬ ಜನ. ಎಲ್ಲರ ತಲೆಯೂ ಮೇಲಕ್ಕೆ. ದರ್ಜಿ ಇಬ್ಬರನ್ನು ನಿಲ್ಲಿಸಿ, “ಅದು ಪಡುವಣದಿಂದ ಬಂದಿದ್ದು, ಬೆಳಿಗ್ಗೆ ಇರ್ಲಿಲ್ಲ,” ಎಂದು ವಿವರಿಸುತ್ತಿದ್ದ. ಕಂಡಕ್ಟರ್ ತಾವು ಡ್ಯೂಟಿಯಲ್ಲಿದ್ದ ಕಾಲದಲ್ಲಿ ಇಷ್ಟು ಸೆಕೆ ಇರಲಿಲ್ಲ ಎಂದು ಲೆಕ್ಕ ಒಪ್ಪಿಸುತ್ತಿದ್ದರು. ಪ್ರತಿಯೊಬ್ಬನಿಗೂ ಗೊತ್ತಿರಬೇಕಾದದ್ದು ಅವರಿಗೆ ಗೊತ್ತಾಗತೊಡಗಿತ್ತು. ಮೋಡಪ್ಪನವರಿಗೆ ಹೆಮ್ಮೆಯಾಯಿತು. ಅದಕ್ಕಿಂತ ಹೆಚ್ಚಾಗಿ ಅಳು ಬಂತು.

ಕಿಟಕಿಯಿಂದ ಬಗ್ಗಿ, “ಇವತ್ತು ಭಾಷಣ ಇದೆ, ಬರಲ್ವಾ?” ಎಂದು ಕೇಳಿದರು.

“ಗುಣ ಆಯ್ತಲ್ಲ ಸರ್, ಇನ್ಯಾಕೆ?” ಎಂದು ದರ್ಜಿ ನಗುನಗುತ್ತಾ ಕೈ ಬೀಸಿದ.

ಓಡಿ ಹೋಗಿ ಅವರ ಜೊತೆ ಸೇರಿಕೊಳ್ಳೋಣ ಎಂದು ಮೋಡಪ್ಪನವರು ಬಾಗಿಲಿಗೆ ತಿರುಗಿದರು. ಅಲ್ಲಿ ಲೈಬ್ರರಿ ಮೇಡಂ ಕುರ್ಚಿ ಹಾಕಿಕೊಂಡು ಸ್ವೆಟರ್ ಹೆಣೆಯುತ್ತಾ ಕೂತಿದ್ದರು. “ಎಲ್ಲಿಗೆ ಸರ್? ವರ್ಷ ಪೂರ್ತಿ ಅಂದಿದ್ದೆ,” ಎಂದರು, ತಲೆ ಎತ್ತದೆ.

ಮೋಡಪ್ಪನವರು ಮತ್ತೆ ಕಿಟಕಿಗೆ ಬಂದರು. ಕೆಳಗಿನ ಮನೆಯಾಕೆ ಗಂಡನ ಜೊತೆ ಅದೇ ಹೊತ್ತಿಗೆ ಅಲ್ಲಿ ಹಾದುಹೋಗುತ್ತಿದ್ದಳು. ತಲೆ ಹೇಗೂ ಮೇಲಕ್ಕೇ ಇತ್ತು, ಅವರನ್ನು ಕಂಡಳು.

“ಹಾಗೆ ಒಳಗೆ ಒಬ್ಬರೇ ಕೂತಿರಬೇಡಿ ಸರ್,” ಎಂದು ಕಾಳಜಿಯಿಂದ ಹೇಳಿದಳು. “ವಾಯು ಹಿಡ್ಕೊಂಡೀತು.”

ಆಮೇಲೆ ಒಂದು ಮೋಡ ತೋರಿಸುತ್ತಾ ಗಂಡನ ಜೊತೆ ಮುಂದೆ ನಡೆದಳು.