ಮೂರ್ತಿ ಅಂಕಲ್ಲರ ಅವರೆಬಳ್ಳಿಗೆ ನಾನು ಕೊಟ್ಟ ಬೂಷ್ಟು

ಮಾತು ಕಡಿಮೆ ಆಡುವವರು ಜಾಣರೆಂದು ಲೋಕ ನಂಬಿದೆ. ಈ ತಪ್ಪು ತಿಳಿವಳಿಕೆಯಿಂದ ನನಗೆ ಇಲ್ಲಿಯವರೆಗೆ ಲಾಭವೇ ಆಗಿದೆ. ಸಂಶೋಧನೆಗೆ ನಾನು ಶಿಲೀಂಧ್ರವನ್ನು ಆರಿಸಿಕೊಂಡದ್ದೂ ಅದು ನನ್ನ ಸ್ವಭಾವದ್ದೆಂದೇ. ಗಿಡದ ರಸ ಹೀರುವ ಹೇನುಗಳ ಮೈಮೇಲೆ ಕೂತು, ಮೆಲ್ಲಗೆ ಒಳಗಿಳಿದು, ಸದ್ದಿಲ್ಲದೆ ಕೊಲ್ಲುತ್ತದೆ. ಕೆಲಸ ಮುಗಿಯುವವರೆಗೆ ಯಾರಿಗೂ ಏನೂ ಹೇಳುವುದಿಲ್ಲ. ಇಂಥ ಸಹೋದ್ಯೋಗಿ ದೆಹಲಿಯಲ್ಲಿ ಇನ್ನೆಲ್ಲಿ ಸಿಗಬೇಕು?

ಮಯೂರ್ ವಿಹಾರಿನ ನಮ್ಮ ಸೊಸೈಟಿಯಲ್ಲಿ ಎದುರು ಫ್ಲ್ಯಾಟಿನವರು ಮೂರ್ತಿ ಅಂಕಲ್, ಸಚಿವಾಲಯವೊಂದರಿಂದ ನಿವೃತ್ತರಾದ ಅಧಿಕಾರಿ. ಊರಿಂದ ಬೀಜ ತರಿಸಿ ಬಾಲ್ಕನಿಯಲ್ಲಿ ಅವರೆಬಳ್ಳಿ ಹಬ್ಬಿಸಿದ್ದರು. ಸಂಕ್ರಾಂತಿಗೆ ಅವರೆಕಾಳಿನ ಉಪ್ಪಿಟ್ಟು, ಅದರಲ್ಲಿ ನನಗೂ ಒಂದು ಡಬ್ಬಿ ಎಂದು ಅವರ ಹೆಂಡತಿ ಸರೋಜಾ ಆಂಟಿ ಮಾತು ಕೊಟ್ಟಿದ್ದರು. ಅವರೆಯ ಸೊಗಡಿಗಾಗಿ ನಾನು ಕಾಲಿಂಗ್ ಬೆಲ್ಲಿಗೆ ಬಾಗಿಲು ತೆರೆಯಲೂ ಸಿದ್ಧಳಿದ್ದೆ. ಹೂ ಬಿಡುವ ಹೊತ್ತಿಗೆ ಕುಡಿಗಳಿಗೆಲ್ಲ ಕಪ್ಪು ಹೇನು ಮುತ್ತಿತು. “ವಿಷ ಮಾತ್ರ ಹೊಡೆಯೋದಿಲ್ಲ, ತಿನ್ನೋ ಪದಾರ್ಥ. ನೀನು ಇದನ್ನೇ ಓದ್ತಿರೋದಂತಲ್ಲಮ್ಮಾ?” ಎಂದರು ಅಂಕಲ್. ಶಿಲೀಂಧ್ರದ ಪುಡಿಯನ್ನು ನೀರಿಗೆ ಕದಡಿ ಕೊಟ್ಟು, “ಸಂಜೆ ಹೊತ್ತು ಸಿಂಪಡಿಸಿ, ಒಂದು ವಾರ ಕಾಯಿರಿ” ಎಂದೆ.

ಮರುದಿನ ಬೆಳಿಗ್ಗೆಯೇ ಬೆಲ್. “ಒಂದೂ ಸತ್ತಿಲ್ಲ.” ಅದರ ಮರುದಿನವೂ ಬೆಲ್. “ಅಚ್ಛಾ, ನಿನ್ನ ಫಂಗಸ್ಸು ರಜೆ ಹಾಕಿದೆಯೇನು?” ತಮ್ಮ ಮೇಜಿನ ಮೇಲೆ ಕಡತಗಳು ವರ್ಷಗಟ್ಟಲೆ ಮಲಗಿದ್ದಾಗ ಪರಮ ಶಾಂತರಾಗಿದ್ದ ಮನುಷ್ಯ, ಹೇನುಗಳು ನಾಲ್ಕು ದಿನ ಬದುಕಿದ್ದಕ್ಕೆ ಹೌಹಾರಿದರು. “ಕಾಯಿರಿ” ಎಂದಷ್ಟೇ ಹೇಳಿ ಬಾಗಿಲು ಹಾಕಿಕೊಂಡೆ.

ಆಮೇಲೆ ಬೆಲ್ ನಿಂತಿತು. ಅನುಮಾನವಾಗಿ ನಾನೇ ಹೋದೆ. ಅಂಕಲ್ ಕೈಯಲ್ಲಿ ಸ್ಪ್ರೇ ಬಾಟಲಿ, ಮುಖದಲ್ಲಿ ವಿಜಯ. “ನಿನ್ನ ಔಷಧಿಯಿಂದ ಬಳ್ಳಿಗೇ ರೋಗ ಬಂತಮ್ಮಾ! ಕುಡಿ ತುಂಬ ಬಿಳೀ ಬೂಷ್ಟು. ನರ್ಸರಿ ಭಯ್ಯಾ ಬೂಷ್ಟು ಸಾಯೋ ಮದ್ದು ಕೊಟ್ಟ. ಎರಡು ಸಲ ಹೊಡೆದೆ, ಸಾಫ್!” ಎಂದವರು ಒಳಗೆ ತಿರುಗಿ, “ನೋಡಿದ್ಯಾ ಸರೋಜಾ, ಇದಕ್ಕೆಲ್ಲ ಪಿಎಚ್.ಡಿ. ಕೊಡ್ತಾರಂತೆ!” ಎಂದರು. ತಿನ್ನೋ ಪದಾರ್ಥ ಅನ್ನುವುದು ಯಾರ ನೆನಪಿಗೂ ಬರಲಿಲ್ಲ.

ಬಗ್ಗಿ ನೋಡಿದೆ. ಸತ್ತ ಹೇನುಗಳ ಮೇಲೆ ಎದ್ದಿದ್ದ ಆ ಬಿಳೀ ಬೂಷ್ಟೇ ನನ್ನ ಶಿಲೀಂಧ್ರ. ಒಂದು ಹೇನಿನಿಂದ ಇನ್ನೊಂದಕ್ಕೆ ಹಬ್ಬಿ ಉಳಿದವನ್ನೂ ಮುಗಿಸಬೇಕಾಗಿತ್ತು. ಈಗ ಅದು ಹೋಗಿ, ಉಳಿದ ಹೇನುಗಳು ಹೂಗೊಂಚಲಲ್ಲಿ ಸಂಸಾರ ಬೆಳೆಸುತ್ತಿದ್ದವು. “ಬೂಷ್ಟು ಬರುತ್ತೆ, ಬಂದರೆ ಒಳ್ಳೇದು” ಎಂದು ಮೊದಲೇ ಹೇಳಿದ್ದರೆ ಸಾಕಿತ್ತು. ಹೇಳಿದ್ದರೆ ಅವರು ಹೇಗೆ, ಏಕೆ ಎಂದು ಕೇಳುತ್ತಿದ್ದರು. ಕೂರಿಸಿ ಚಹಾ ಕೊಡುತ್ತಿದ್ದರು. ಚಹಾ ಮುಗಿಯುವುದರೊಳಗೆ ಮದುವೆ ಯಾವಾಗ ಎಂಬಲ್ಲಿಗೆ ಬರುತ್ತಿದ್ದರು.

ಸಂಕ್ರಾಂತಿಗೆ ಡಬ್ಬಿ ಬಂತು. ಬಟಾಣಿ ಉಪ್ಪಿಟ್ಟು.

“ಹೇಗಿದೆಯಮ್ಮಾ?” ಎಂದರು ಆಂಟಿ.

“ಚೆನ್ನಾಗಿದೆ” ಎಂದೆ. ಅದಕ್ಕಿಂತ ಹೆಚ್ಚು ವಿವರಿಸುವ ಅಭ್ಯಾಸ ನನಗಿಲ್ಲ.